ಕರಿಯನ ಜ್ವರ

ಬ್ರಹ್ಮಪುರ
11 ಫೆಬ್ರವರಿ 1991

ಶ್ರೀಮಾನ್ ಆರ್ತತ್ರಾಣ ಪತಿಯವರಿಗೆ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಬೇಡ. ಹನ್ನೆರಡನೇ ವಯಸ್ಸಿನಲ್ಲಿ ಗುಡಿಯ ಜಗುಲಿಯ ಮೇಲೆ ಕೂತು, ಒಂದೇ ದೊನ್ನೆಯ ಪ್ರಸಾದವನ್ನು ಒಬ್ಬರ ಬಾಯಿಗೊಬ್ಬರು ಇಟ್ಟು ಗೆಳೆತನ ಕಟ್ಟಿಕೊಂಡವರು ನಾವು. ಹಾಗೆ ಕಟ್ಟಿಕೊಂಡವರು ಸಾಯುವ ತನಕ ಹೆಸರು ಹಿಡಿಯಬಾರದು, ‘ಮಹಾಪ್ರಸಾದ’ ಎಂದೇ ಕರೆಯಬೇಕು. ನಲವತ್ತಾರು ವರ್ಷ ಕರೆದೆ. ಇವತ್ತು ಬಾಯಿಗೆ ಬರುತ್ತಿಲ್ಲ.

ನಿನ್ನೆ ನನ್ನ ತಂಗಿ ಸೇಬತಿ ದೇವಳಪದರದಿಂದ ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. “ಅಣ್ಣಾ, ನೀನು ಕಡಿದ ಮರ ಎಳೇದಂತೆ. ಅದಕ್ಕೇ ನಮ್ಮ ಜಗನ್ನಾಥನ ಮೈ ಕೊಳೆತಿದ್ದಂತೆ. ಊರೆಲ್ಲಾ ಅದೇ ಮಾತು. ಕೊಳದ ಹತ್ರ ಕೊಡ ಇಡೋಕೂ ನಂಗೆ ಮುಖ ಇಲ್ಲ.” ಹೋದ ವರ್ಷ ಹಳೆಯ ಬಣ್ಣ ಹೆರೆಯುವಾಗ ಚಿತ್ರಗಾರನ ಬೆರಳು ದೇವರ ಮೈಯೊಳಕ್ಕೆ ಹೋಯಿತಂತೆ. ಈಗ ಹಿರಿಯರು ಸೇರಿ ಹೊಸ ಮೈ ಮಾಡಿಸುವುದು, ಹಳೆಯದನ್ನು ಮಣ್ಣು ಮಾಡುವುದು ಎಂದು ತೀರ್ಮಾನಿಸಿದರಂತೆ. ಕೆತ್ತುವುದಕ್ಕೆ ಆಸ್ಕಾದ ಬಡಗಿ ಬರುತ್ತಾನಂತೆ.

ಅದೆಲ್ಲ ಇರಲಿ. ಐವತ್ತೈದನೇ ಇಸವಿಯಲ್ಲಿ ಆ ಬೇವು ಹುಡುಕುವಾಗ ನಮ್ಮ ಜೊತೆ ಬರಿಗಾಲಲ್ಲಿ ಋಷಿಕುಲ್ಯಾ ದಂಡೆ ಪೂರ್ತಿ ನಡೆದವನು ನೀನು. ಶಾಸ್ತ್ರ ಹೇಳಿದ ಹಾಗೆ ನಾಲ್ಕೇ ಕೊಂಬೆ ಇದೆ ಎಂದು ಎಣಿಸಿದವನು, ಕೆಂಪು ದಾರ ಕಟ್ಟಿದವನು ನೀನು. ಆ ಮರ ನನ್ನ ತಾತನಿಗಿಂತ ಹಳೆಯದು ಎಂದು ನಿನಗೆ ಗೊತ್ತು. ಗುಡಿಯ ಹಿರಿಯ ಬಿದ್ಯಾಧರ ಅಜ್ಜ ಸಭೆಯಲ್ಲಿ “ಎಳೆ ಮರ ಕಡಿದುಬಿಟ್ಟ ಆ ಉಚ್ಛಬ” ಎಂದಾಗ ನೀನು ಕಂಬಕ್ಕೊರಗಿ ನಿನ್ನ ಕಾಲುಬೆರಳು ನೋಡುತ್ತ ಕೂತಿದ್ದೆಯಂತೆ. “ಇಲ್ಲ ಅಜ್ಜ, ಮರ ಬಲಿತಿತ್ತು” ಎಂದು ಒಂದು ಮಾತು ಹೇಳಿದ್ದರೆ ನಿನ್ನ ಹಲ್ಲು ಉದುರಿಹೋಗುತ್ತಿತ್ತೆ?

ಅಪ್ಪ ಸಾಯುವ ಮುಂಚೆ ಹೇಳಿದ್ದು ನಿನಗೂ ನೆನಪಿದೆ. “ಈ ಮೈ ಸವೆದ ದಿನ ಇನ್ನೊಂದನ್ನ ನೀನೇ ಕಡೀಬೇಕು. ಬೇರೆಯವರ ಕೈ ಬೀಳಬಾರದು.” ಇಲ್ಲಿ ನಾನು ಮಂಚ ಮಾಡುತ್ತೇನೆ, ಬಾಗಿಲು ಮಾಡುತ್ತೇನೆ. ಆದರೆ ಕರಿಯನನ್ನು, ನಮ್ಮ ಜಗನ್ನಾಥನನ್ನು, ಕೆತ್ತಿದ ಉಳಿಗಳಿಂದ ಇವತ್ತಿನವರೆಗೆ ಒಂದು ಬಾಗಿಲ ಚಿಲಕವನ್ನೂ ಕೆತ್ತಿಲ್ಲ. ನನಗೆ ಐವತ್ತೆಂಟು, ಮಂಡಿಗಳು ಕಿರುಗುಟ್ಟುತ್ತವೆ. ಈ ಸಲ ತಪ್ಪಿದರೆ ಮುಗಿಯಿತು.

ಯಾಕೆ ಸುಮ್ಮನಿದ್ದೆ, ಅಷ್ಟು ಹೇಳು.

ಉಚ್ಛಬ ಮಹಾರಣಾ, ಬಡಗಿ


ದೇವಳಪದರ
24 ಫೆಬ್ರವರಿ 1991

ಮಹಾಪ್ರಸಾದ,

ನೀನು ಹೆಸರು ಹಿಡಿದರೆ ನಾನೂ ಹಿಡಿಯಬೇಕೆಂದೇನಿಲ್ಲ.

ಕಾಗದ ಬಂತು. ಇಲ್ಲಿ ಎಲ್ಲರೂ ಕ್ಷೇಮ. ಕೆಂಪು ಹಸು ಕರು ಹಾಕಿದೆ, ಹೆಣ್ಣುಕರು. ನುಗ್ಗೆ ಈ ಸಲ ಹೂವಿನಲ್ಲೇ ಉದುರಿತು. ನನ್ನಾಕೆ ಕುಂತಳಾ ನಿನಗೆಂದು ಉದ್ದಿನ ಬಡಿ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬಿದ್ದಾಳೆ, ಸೇಬತಿ ಮತ್ತೆ ಬಂದಾಗ ಕೊಟ್ಟು ಕಳಿಸುತ್ತಾಳೆ.

ಸಭೆಯ ವಿಷಯ ಕೇಳಿದ್ದೀಯ. ಹಿರಿಯರು ಕೂತ ಕಡೆ ನನ್ನಂಥವನು ಏನು ಮಾತಾಡುವುದು. ನಾವು ಜ್ವರದ ಸೇವೆಯವರು, ಜ್ಯೇಷ್ಠದ ಸ್ನಾನದಿಂದ ದೇವರಿಗೆ ಜ್ವರ ಬಂದಾಗ ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ಎಣ್ಣೆ ಹಚ್ಚಿ ಔಷಧಿ ಕೊಡುವುದು ನಮ್ಮ ಕೆಲಸ. ಮರದ ವಿಷಯ ನಮಗೇನು ತಿಳಿಯುತ್ತದೆ. ಅವರು ಏನೋ ನೋಡಿ ಹೇಳಿರುತ್ತಾರೆ. ಮೂವತ್ತೈದು ವರ್ಷ ಬಾಳಿತಲ್ಲ, ಅದೇ ದೊಡ್ಡದು.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು.

ಆರ್ತತ್ರಾಣ


ಬ್ರಹ್ಮಪುರ
5 ಮಾರ್ಚ್ 1991

ಆರ್ತತ್ರಾಣ ಪತಿಯವರಿಗೆ,

ಕರುವಿನ ಸಮಾಚಾರ ತಿಳಿದು ಸಂತೋಷವಾಯಿತು. ನಾನು ಕೇಳಿದ್ದು ಕರುವನ್ನಲ್ಲ.

ಮೂವತ್ತೈದು ವರ್ಷ ದೊಡ್ಡದು ಅಂತೀಯ? ಅಯ್ಯೋ ಪುಣ್ಯಾತ್ಮ, ಬಲಿತ ಬೇವು ಅರವತ್ತು ವರ್ಷ ಅಲುಗಾಡದೆ ನಿಲ್ಲುತ್ತದೆ. ನಮ್ಮ ಮನೆಯ ಒನಕೆಯೇ ಅದಕ್ಕಿಂತ ಹೆಚ್ಚು ಬಾಳಿದೆ. ನನ್ನ ಮುಖಕ್ಕೆ ಮಸಿ ಬಳಿದು, ಮಂಡಿಗೆ ಎಣ್ಣೆ ತಿಕ್ಕಿಕೋ ಎಂದು ಬುದ್ಧಿ ಹೇಳುತ್ತೀಯಲ್ಲ, ನಿನ್ನನ್ನು ಏನು ಮಾಡಬೇಕು!

ಈಗ ಕೇಳು. ಸಿಟ್ಟು ಪಕ್ಕಕ್ಕಿಟ್ಟು ಬಡಗಿಯಾಗಿ ಕೇಳುತ್ತಿದ್ದೇನೆ. ಮರ ಎಳೆಯದಾಗಿದ್ದರೆ ಅದು ಒಳಗಿನಿಂದ ಕೆಡುತ್ತದೆ. ತಿರುಳು ಮೊದಲು ಪುಡಿಯಾಗುತ್ತದೆ, ಮೇಲ್ಮೈ ಕೊನೆಗೆ. ಗೆದ್ದಲಾದರೆ ಬುಡದಿಂದ ಹತ್ತುತ್ತದೆ, ಮಣ್ಣಿನ ಗೆರೆ ಇರುತ್ತದೆ. ನೀರಾದರೆ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಕಪ್ಪಾಗಿ ಮೆತ್ತಗಾಗುತ್ತದೆ. ಆದರೆ ನೀರು ಎಲ್ಲಿಂದ ಬರಬೇಕು? ದಿನದ ಸ್ನಾನದಲ್ಲಿ ಮೈಮೇಲೆ ಒಂದು ತೊಟ್ಟೂ ಬೀಳಬಾರದೆಂದೇ ಅಲ್ಲವೆ ನೀವು ಎದುರಿಗೆ ಕಂಚಿನ ಕನ್ನಡಿ ಇಟ್ಟು, ಅದರಲ್ಲಿ ಕಾಣುವ ದೇವರಿಗೆ ನೀರು ಹಾಕುವುದು? ವರ್ಷಕ್ಕೊಮ್ಮೆ ಹುಣ್ಣಿಮೆಗೆ ನೂರೆಂಟು ಕೊಡ ಹೊಯ್ಯುತ್ತಾರೆ, ನಿಜ. ಅದು ಬಯಲಲ್ಲಿ, ಬಿಸಿಲಲ್ಲಿ, ಬಿದ್ದದ್ದು ಹರಿದುಹೋಗುತ್ತದೆ. ಅದರಿಂದ ಕರಿಯನಿಗೆ ಜ್ವರ ಬರುತ್ತದೆಯೇ ಹೊರತು ಕೊಳೆ ಬರುವುದಿಲ್ಲ.

ಗರ್ಭಗುಡಿಯ ಚಾವಣಿ ಸೋರುತ್ತಿದೆಯೇ? ಹಾಗಿದ್ದರೆ ಗೋಡೆಯವನು ಉತ್ತರ ಹೇಳಲಿ, ನಾನಲ್ಲ.

ಪ್ರಾಣಪ್ರತಿಷ್ಠೆಯಾದ ಮೇಲೆ ಬಡಗಿ ಆ ಮೈ ಮುಟ್ಟುವ ಹಾಗಿಲ್ಲ. ಮುಟ್ಟುವ ಅಧಿಕಾರ ಇರುವವನು ನೀನು. ಆದ್ದರಿಂದ ನೀನೇ ಬರೆ. ಎಲ್ಲೆಲ್ಲಿ ಕೊಳೆತಿದೆ, ಯಾವ ಬಣ್ಣ, ಯಾವ ವಾಸನೆ. ಎದೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಯಾವ ಸದ್ದು. ದೇವರಾಣೆ, ಇದ್ದದ್ದು ಇದ್ದ ಹಾಗೆ ಬರೆ. ನನ್ನ ತಪ್ಪಾದರೆ ನಾನೇ ಬಂದು ಅಜ್ಜನ ಕಾಲಿಗೆ ಬೀಳುತ್ತೇನೆ.

ಉಚ್ಛಬ

ಬಡಿ ಸಿಕ್ಕಿತು. ಕುಂತಳಾಗೆ ಹೇಳು, ಅವಳ ಮೇಲೆ ನನಗೆ ಸಿಟ್ಟಿಲ್ಲ.


ದೇವಳಪದರ
29 ಮಾರ್ಚ್ 1991

ಮಹಾಪ್ರಸಾದ,

ಮೂರು ಸಲ ಬರೆದು ಹರಿದೆ. ದೇವರಾಣೆ ಹಾಕಿಬಿಟ್ಟೆಯಲ್ಲ.

ಹಣೆಯ ಮೇಲೆ, ಎರಡು ಕಣ್ಣಿನ ನಡುವಿನಿಂದ ಮೇಲಕ್ಕೆ, ಅಂಗೈ ಅಗಲ. ಹಿಂದುಗಡೆ ಕುತ್ತಿಗೆ ಇರಬೇಕಾದ ಜಾಗದಲ್ಲಿ. ಅವನಿಗೆ ಕುತ್ತಿಗೆ ಎಲ್ಲಿದೆ, ನಿನಗೇ ಗೊತ್ತು. ಎರಡು ಮೊಂಡುಗೈಗಳ ಕೆಳಗೆ, ಕಂಕುಳ ಹತ್ತಿರ. ಅಲ್ಲೇ ಹೆಚ್ಚು. ಬೆನ್ನಿನಲ್ಲಿ ಸ್ವಲ್ಪ.

ಕಪ್ಪು ಬಣ್ಣ. ಮೆತ್ತಗಿದೆ. ನೆನೆದ ಗೋಣಿಚೀಲದ ವಾಸನೆ. ಮಣ್ಣಿನ ಗೆರೆ ಎಲ್ಲೂ ಇಲ್ಲ. ಚಾವಣಿ ಸೋರುವುದಿಲ್ಲ, ಮೂರು ವರ್ಷದ ಹಿಂದೆ ಗಾರೆ ಹಾಕಿಸಿದ್ದಾರೆ.

ಎದೆ ತಟ್ಟಿದೆ. ಗಟ್ಟಿಯಾಗಿದೆ, ಮಹಾಪ್ರಸಾದ. ನೀನು ಕೆತ್ತಿದ ದಿನ ಹೇಗಿತ್ತೋ ಹಾಗೇ ಟಣ್ ಎನ್ನುತ್ತದೆ. ಮರದಲ್ಲಿ ದೋಷ ಇಲ್ಲ ಎಂದು ನನಗೂ ಗೊತ್ತು. ಮೊದಲೇ ಗೊತ್ತಿತ್ತು.

ಇದಕ್ಕಿಂತ ಹೆಚ್ಚು ಕೇಳಬೇಡ.

ಆರ್ತತ್ರಾಣ


ಬ್ರಹ್ಮಪುರ
2 ಮೇ 1991

ಮಹಾಪ್ರಸಾದ,

ನಿನ್ನ ಕಾಗದ ಮೇಷ ಸಂಕ್ರಾಂತಿಗೆ ಮೊದಲೇ ಬಂದಿತ್ತು. ಓದಿ ಓದಿ ನನ್ನ ತಲೆ ಕೆಟ್ಟಿತು. ಹಣೆ, ಕುತ್ತಿಗೆ, ಕಂಕುಳು. ಯಾವ ಮಳೆ ಕಂಕುಳಲ್ಲಿ ಸುರಿಯುತ್ತದೆ? ಸುಳ್ಳು ಬರೆದಿದ್ದಾನೆ ಎಂದುಕೊಂಡೆ. ಬೈದು ಬರೆಯಲು ಕೂತು, ಕೆಲಸದ ಗಡಿಬಿಡಿಯಲ್ಲಿ ಮರೆತೆ.

ಮೊನ್ನೆ ಅಂಗಡಿಯ ಪಕ್ಕದ ಮನೆಯಲ್ಲಿ ಮಗುವಿಗೆ ಜ್ವರ. ತಾಯಿ ಜಗುಲಿಯ ಮೇಲೆ ಮಲಗಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮೊದಲು ಹಣೆ. ಆಮೇಲೆ ತಲೆ ಎತ್ತಿ ಕುತ್ತಿಗೆಯ ಹಿಂದೆ. ಆಮೇಲೆ ಒಂದೊಂದೇ ಕೈ ಎತ್ತಿ ಕಂಕುಳು. ಆಮೇಲೆ ಮಗ್ಗುಲಿಗೆ ತಿರುಗಿಸಿ ಬೆನ್ನು. ನಾನು ಉಜ್ಜುಗೊರಡು ಹಿಡಿದುಕೊಂಡು ನಿಂತವನು ನಿಂತೇ ಇದ್ದೆ. “ಯಾಕೆ ಮಾಮಾ, ಏನಾಯ್ತು?” ಎಂದಳು. ಏನಿಲ್ಲಮ್ಮ, ಕಣ್ಣಿಗೆ ಹೊಟ್ಟು ಬಿತ್ತು ಎಂದೆ.

ನಿನ್ನ ಮಗುವಿಗೆ ಹೊಳೆದಂಡೆಯಲ್ಲಿ ಗುಂಡಿ ತೋಡಿದವನು ನಾನು. ನನಗೆ ಇಷ್ಟು ಹೊತ್ತು ಹಿಡಿಯಿತಲ್ಲ ಎಂದು ನಾಚಿಕೆಯಾಗುತ್ತಿದೆ.

ಇನ್ನು ಈ ವಿಷಯ ನಮ್ಮಿಬ್ಬರಲ್ಲೇ ಮುಗಿಯಲಿ. ಏನೂ ಬರೆಯಬೇಡ, ಯಾರಿಗೂ ಹೇಳಬೇಡ. ಗೊತ್ತಾದರೆ ನಿನ್ನ ಸೇವೆ ಕಿತ್ತುಕೊಳ್ಳುತ್ತಾರೆ. ಏಳು ತಲೆಯಿಂದ ಬಂದ ಸೇವೆ. ಮರ ಎಳೆಯದು ಅಂತಲೇ ಇರಲಿ. ಆಸ್ಕಾದವನ ಕೈ ಚೆನ್ನಾಗಿದೆ ಎಂದು ನಾನೂ ಕೇಳಿದ್ದೇನೆ. ಅವನೇ ಕೆತ್ತಲಿ. ನನಗೇನು, ಇಲ್ಲಿ ಮಂಚಗಳಿಗೇನೂ ಬರ ಇಲ್ಲ.

ನಿನ್ನ
ಮಹಾಪ್ರಸಾದ


ದೇವಳಪದರ
9 ಮೇ 1991

ಮಹಾಪ್ರಸಾದ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಇಪ್ಪತ್ತನಾಲ್ಕು ವರ್ಷ ಯಾರ ಹತ್ತಿರವೂ ಹೇಳದ್ದನ್ನು ನಿನ್ನ ಹತ್ತಿರವೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ.

ಬುಲುಗೆ ಮೂರು ವರ್ಷ. ಜ್ವರ ಬಂದು ನಾಲ್ಕು ದಿನವಾಗಿತ್ತು. ಜ್ಯೇಷ್ಠದ ಸೆಕೆ, ನೆಲವೇ ಕಾದ ಹೆಂಚಾಗಿತ್ತು. ನಮ್ಮ ಸೋದರತ್ತೆ ಎರಡು ಕೌದಿ ಹೊದಿಸಿ ಕಾವಲು ಕೂತಿದ್ದಳು. “ನೀರು ಸೋಕಿಸಬೇಡ್ರೋ, ಜ್ವರ ಒಳಗಿಳಿಯುತ್ತೆ” ಎಂದಳು. ಅವನು “ಬಾಪಾ, ಸೆಕೆ, ತೆಗಿ” ಎಂದು ಕೌದಿ ಒದೆಯುತ್ತಿದ್ದ. ಕುಂತಳಾ ತಡೆಯಲಾರದೆ ಸೆರಗು ನೆನೆಸಿಕೊಂಡು ಬಂದಳು. ನಾನು ಅವಳ ಕೈ ಹಿಡಿದೆ. “ದೊಡ್ಡೋರು ಹೇಳಿದ್ದಾರಲ್ಲ, ಸುಮ್ನಿರು” ಎಂದೆ. ಹಿಡಿದ ಕೈಯನ್ನು ಹಿಂದಕ್ಕೆ ತಳ್ಳಿದೆ. ಇದು ನಿನಗೆ ಗೊತ್ತಿಲ್ಲ.

ಐದನೇ ದಿನ ಬಸ್ಸಿನಲ್ಲಿ ಡಾಕ್ಟರ ಹತ್ತಿರ ಒಯ್ದೆವು. ಆತ ಕೌದಿಗಳನ್ನು ಕಿತ್ತು ನೆಲಕ್ಕೆಸೆದ. “ಮಗೂನ ಬೇಯಿಸಿಕೊಂಡು ತಂದಿದ್ದೀರಲ್ರಯ್ಯಾ! ಮನೇಲಿ ಒಂದು ಒದ್ದೆ ಬಟ್ಟೆ ಇರಲಿಲ್ವಾ?” ಎಂದು ಕೂಗಿದ. ನರ್ಸಮ್ಮ ಒರೆಸಿದಳು. ಹಣೆ, ಕುತ್ತಿಗೆ, ಕಂಕುಳು, ಬೆನ್ನು. ಅರ್ಧ ಗಂಟೆ ಒರೆಸಿದಳು. ಅವಳ ಕೈಯಲ್ಲೇ ಹೋದ.

ಮುಂದಿನದು ನಿನಗೆ ಗೊತ್ತು. ಚೌಳವಾಗದ ಮಗು, ಬೆಂಕಿ ಇಲ್ಲ, ಸೂತಕ ಇಲ್ಲ, ಹತ್ತನೇ ದಿನ ಇಲ್ಲ. ಹೊಳೆಯಿಂದ ನೇರವಾಗಿ ಬಂದೆವು. ಹಿಂದಿನ ದಿನ ದೇವರ ಹುಣ್ಣಿಮೆಯ ಸ್ನಾನವಾಗಿತ್ತು, ಜ್ವರದ ಸೇವೆಯ ಮೊದಲ ಪಾಳಿ ನನ್ನದು. ಬಿದ್ಯಾಧರ ಅಜ್ಜ ಬಾಗಿಲಲ್ಲೇ ನಿಂತಿದ್ದರು. “ಎಳೆ ಮಗು, ಸೂತಕ ಹಿಡಿಯೋದಿಲ್ಲ. ಮುಳುಗು ಹಾಕಿ ಒಳಗೆ ಹೋಗಪ್ಪ” ಎಂದರು. ಕೊಳದಲ್ಲಿ ಮುಳುಗಿ ಒಳಗೆ ಹೋದೆ. ಬಾಗಿಲು ಹಾಕಿಕೊಂಡಿತು.

ಕರಿಯ ಜ್ವರದಲ್ಲಿ ಮಲಗಿದ್ದ. ಮೈತುಂಬ ಬಟ್ಟೆ ಸುತ್ತಿತ್ತು. ನನ್ನ ಹೆಗಲಲ್ಲಿ ಕೊಳದ ನೀರಿನ ಒದ್ದೆ ವಸ್ತ್ರ. ಎಣ್ಣೆಯ ಬಟ್ಟಲು ಕೆಳಗಿಟ್ಟೆ. ನರ್ಸಮ್ಮ ಎಲ್ಲೆಲ್ಲಿ ಒರೆಸಿದ್ದಳೋ ಅಲ್ಲೆಲ್ಲ ಒರೆಸಿದೆ. ಮುಂದಿನ ಪಾಳಿಯವನು ಬರುವ ಮೊದಲು ಬಟ್ಟೆಯನ್ನು ಹಾಗೇ ಸುತ್ತಿಬಿಟ್ಟೆ. ಆರುವುದಕ್ಕೆ ಬಿಡಲು ಹೊತ್ತೆಲ್ಲಿತ್ತು. ಆ ವರ್ಷದ ನನ್ನ ಪಾಳಿಗಳಲ್ಲೆಲ್ಲ ಒರೆಸಿದೆ. ಮರುವರ್ಷವೂ. ಹೋದ ವರ್ಷದವರೆಗೂ.

ಮರ ಎಂದು ನನಗೆ ಗೊತ್ತಿಲ್ಲವೆ? ನೀನು ಚೆಕ್ಕೆ ಏಳಿಸುವಾಗ ಪಕ್ಕದಲ್ಲಿ ನಿಂತವನು ನಾನು. ಆದರೆ ಬಾಗಿಲು ಹಾಕಿದ ಮೇಲೆ ಕೈ ತಾನಾಗಿ ಹೋಗುತ್ತಿತ್ತು. ಹದಿನೈದು ದಿನ ಕಳೆದು ಅವನು ಎದ್ದು ಕೂತು ದರ್ಶನ ಕೊಡುವಾಗ, ನಾನು ಒರೆಸಿದ್ದಕ್ಕೇ ಇಷ್ಟು ಬೇಗ ಗುಣವಾದ ಎಂದು ಒಳಗೊಳಗೇ ಜಂಭ ಬೇರೆ.

ಸಭೆಯಲ್ಲಿ ಸುಮ್ಮನಿದ್ದದ್ದು ಸೇವೆ ಹೋಗುತ್ತದೆಂಬ ಹೆದರಿಕೆಯಿಂದ. ಆ ಕೋಣೆ ಬಿಟ್ಟರೆ ನನಗೆ ಬುಲುವಿನ ಹತ್ತಿರ ಹೋಗುವ ದಾರಿ ಬೇರೆ ಇಲ್ಲ. ಅದಕ್ಕಾಗಿ ನಿನ್ನ ಮುಖಕ್ಕೆ ಮಸಿ ಬಳಿದೆ. ಹೊಟ್ಟೆಗೆ ಹಾಕಿಕೋ.

ಅಕ್ಷಯ ತೃತೀಯೆಗೆ ಹಿರಿಯರು ಮತ್ತೆ ಸೇರುತ್ತಾರೆ. ಅವತ್ತು ಹೇಳುತ್ತೇನೆ.

ನಿನ್ನ
ಮಹಾಪ್ರಸಾದ


ಬ್ರಹ್ಮಪುರ
13 ಮೇ 1991

ಮಹಾಪ್ರಸಾದ,

ಬಾಯಿ ಮುಚ್ಚಿಕೊಂಡಿರು, ಹುಚ್ಚಪ್ಪ! ನಿನ್ನ ಕಾಗದ ಓದಿ ಅಂಗಡಿಗೆ ಬೀಗ ಹಾಕಿಕೊಂಡು ಅತ್ತೆ. ಅತ್ತಾಯಿತು, ಈಗ ಬುದ್ಧಿಯ ಮಾತು ಕೇಳು.

ನೀನು ಹೀಗೇನಾದರೂ ಮಾಡುತ್ತೀಯ ಎಂದು ಗೊತ್ತಿದ್ದೇ ನಾನು ಹೋದ ವಾರ ಬಿದ್ಯಾಧರ ಅಜ್ಜನಿಗೆ ಕಾರ್ಡು ಹಾಕಿದ್ದೇನೆ. “ಮರ ನೋಡುವುದರಲ್ಲಿ ನನ್ನದೇ ತಪ್ಪಾಯಿತು, ಬಲಿತಿರಲಿಲ್ಲ, ಆಸ್ಕಾದವರನ್ನೇ ಕರೆಸಿ” ಎಂದು ಕೈಯಾರೆ ಬರೆದಿದ್ದೇನೆ. ಅಲ್ಲಿಗೆ ಎಲ್ಲ ಮುಗಿಯಿತು. ಇನ್ನು ನೀನು ಬಾಯಿಬಿಟ್ಟರೆ ನಾನು ಸುಳ್ಳುಗಾರ, ನೀನು ಪಾಪಿ, ಇಬ್ಬರಿಗೂ ಇಲ್ಲ.

ಆ ಕೋಣೆ ಬಿಡಬೇಡ. ನನ್ನ ಮೇಲಾಣೆ.

ನಿನ್ನ
ಮಹಾಪ್ರಸಾದ


ದೇವಳಪದರ
18 ಮೇ 1991

ಮಹಾಪ್ರಸಾದ,

ನಿನ್ನ ಕಾಗದ ಸಭೆಯ ದಿನ ಬೆಳಗ್ಗೆಯೇ ಸಿಕ್ಕಿತು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ಅಜ್ಜ ಮೊದಲು ನಿನ್ನ ಕಾರ್ಡನ್ನೇ ಗಟ್ಟಿಯಾಗಿ ಓದಿದರು. ಎಲ್ಲರೂ ತಲೆದೂಗಿದರು. ಆಸ್ಕಾದ ಬಡಗಿ ಪಕ್ಕದಲ್ಲೇ ಪಾನ್ ಜಗಿಯುತ್ತ ಕೂತಿದ್ದ. ಇನ್ನೇನು ಅವನ ಕೈಗೆ ಅಡಿಕೆ ಕೊಟ್ಟು ಕೆಲಸ ಒಪ್ಪಿಸಬೇಕು. ಸುಮ್ಮನಿದ್ದಿದ್ದರೆ ನನ್ನ ಕೋಣೆ ನನಗೇ ಉಳಿಯುತ್ತಿತ್ತು. ಆದರೆ ನಿನ್ನ ಅಕ್ಷರದಲ್ಲಿ “ನನ್ನದೇ ತಪ್ಪಾಯಿತು” ಎಂದು ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಕೂತಿರಲು ಆಗಲಿಲ್ಲ. ಎದ್ದು ನಿಂತೆ. ಕಂಬ ಹಿಡಿದುಕೊಂಡೆ.

“ಅಜ್ಜ, ಮರ ಬಲಿತಿತ್ತು. ಕೊಳೆಸಿದ್ದು ನಾನು. ಜ್ವರದ ದಿನ ಒದ್ದೆ ಬಟ್ಟೇಲಿ ಒರೆಸ್ತಿದ್ದೆ.”

ನಮ್ಮ ದಾಯಾದಿ ಗದಾಧರ ಹಾರಿ ಎದ್ದ. “ದೇವರ ಮೈಗೆ ನೀರು ಹಚ್ತಿದ್ಯಾ? ಬುದ್ಧಿಗಿದ್ಧಿ ಇದೆಯೇನೋ ನಿಂಗೆ? ಕನ್ನಡಿ ಯಾತಕ್ಕಿಟ್ಟಿದ್ದಾರೆ, ಮುಖ ನೋಡ್ಕೊಳ್ಳೋಕಾ?”

ಅಜ್ಜ ಕೈ ಎತ್ತಿ ಅವನನ್ನು ಕೂರಿಸಿದರು. “ಎಷ್ಟು ವರ್ಷದಿಂದ?”

“ಇಪ್ಪತ್ನಾಲ್ಕು.”

“ಯಾಕೋ?”

“ಜ್ವರ ಇತ್ತಲ್ಲ ಅಜ್ಜ.”

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅವರಿಗೆ ಎಂಬತ್ತಾರು. ವರ್ಷ ಎಣಿಸಿ ನೋಡಿದರು ಎಂದು ಕಾಣುತ್ತದೆ. ಆಮೇಲೆ ಹೇಳಿದರು. “ನಿನ್ನ ಕೈಗೆ ಜ್ವರದ ಸೇವೆ ಇನ್ನಿಲ್ಲ. ಹೊಸ ಮೈ ನೀನು ಮುಟ್ಟೋ ಹಾಗಿಲ್ಲ. ಆ ಹದಿನೈದು ದಿನ ಒಳಗೆ ಕಾಲಿಡೋ ಹಾಗಿಲ್ಲ, ಬದುಕಿರೋ ತನಕ.” ನಾನು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಗದಾಧರ ಬಿಡಲಿಲ್ಲ. “ಹಾಗಾದ್ರೆ ಹಳೇ ಮೈ ಮಣ್ಣು ಮಾಡೋವಾಗಲೂ ಇವನು ಬರಬಾರ್ದು. ಅದಕ್ಕೆ ನಾವೆಲ್ಲ ಹಿಡಿಯೋ ಸೂತಕಾನೂ ಇವನು ಹಿಡೀಬಾರ್ದು.”

ಅಜ್ಜ ಅವನ ಕಡೆ ತಿರುಗಿದರು. “ಸೂತಕ ನಾನು ಕೊಡೋದೂ ಅಲ್ಲ, ಕಿತ್ಕೊಳ್ಳೋದೂ ಅಲ್ಲ. ಒಂದ್ಸಲ ಕಿತ್ಕೊಂಡಿದ್ದೇನೆ, ಸಾಕು.”

ಆಮೇಲೆ ನಿನ್ನ ಕಾರ್ಡನ್ನು ಎರಡಾಗಿ ಹರಿದರು. “ಆ ಸುಳ್ಳುಬುರುಕ ಬಡಗೀನ ಕರೆಸಿ. ಮೊದಲು ಕಿವಿ ಹಿಂಡ್ತೀನಿ, ಆಮೇಲೆ ಅಡಿಕೆ ಕೊಡ್ತೀನಿ.” ಆಸ್ಕಾದವನು ಒಳ್ಳೆಯ ಮನುಷ್ಯ, ನಕ್ಕು ಎದ್ದುಹೋದ.

ಉಳಿ ಮಸೆದುಕೊಂಡು ಬಾ, ಮಹಾಪ್ರಸಾದ. ನಾನು ಹೊರಗೆ ನಿಂತು ಸದ್ದು ಕೇಳುತ್ತೇನೆ.

ನಿನ್ನ
ಮಹಾಪ್ರಸಾದ


ಕೆತ್ತನೆಯ ಚಪ್ಪರದೊಳಗಿನಿಂದ
22 ಜೂನ್ 1991

ಮಹಾಪ್ರಸಾದ,

ಮೂವತ್ತು ಹೆಜ್ಜೆ ಆಚೆ ಇರುವವನಿಗೆ ಕಾಗದ ಬರೆಯುವ ಕರ್ಮ ನನ್ನದು. ನಾನು ಹೊರಗೆ ಬರುವಂತಿಲ್ಲ, ನೀನು ಒಳಗೆ ಬರುವಂತಿಲ್ಲ. ಊಟ ತರುವವನ ಕೈಯಲ್ಲಿ ಈ ಚೀಟಿ ಕೊಡುತ್ತಿದ್ದೇನೆ. ಉಪ್ಪಿಲ್ಲದ ಅನ್ನ ತಿಂದು ತಿಂದು ನಾಲಿಗೆ ಮರಗಟ್ಟಿದೆ, ನಾಲ್ಕು ದಿನ ಕಳೆದರೆ ಕುಂತಳಾ ಕೈಯ ಮೀನು ಸಾರು ತಿಂದೇ ಊರಿಗೆ ಹೋಗುವುದು.

ಬೇಲಿಯ ಹೊರಗೆ ನೀನು ದಿನಾ ಬಂದು ಕೂರುವುದು ನನಗೆ ಗೊತ್ತು. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೆ?

ಒಳ್ಳೆಯ ಮರ ಸಿಕ್ಕಿದೆ. ಕಪ್ಪು ಛಾಯೆಯ ಬೇವು, ಗಂಟೇ ಇಲ್ಲ. ನಿನ್ನೆ ಮುಖ ಬಂತು. ಇನ್ನೂ ಕಣ್ಣಿಲ್ಲ, ಆದರೂ ನೋಡುತ್ತಿದ್ದಾನೆ ಅನ್ನಿಸಿ ಎದ್ದು ಚಪ್ಪರದ ಮೂಲೆಗೆ ಹೋಗಿ ಕೂತೆ.

ಇನ್ನೊಂದು ಮಾತು, ಓದಿ ಒಲೆಗೆ ಹಾಕು. ಹಣೆಯಲ್ಲಿ, ಕುತ್ತಿಗೆಯ ಕಡೆ, ಎರಡು ಮೊಂಡುಗೈಯ ಕೆಳಗೆ, ಬೆರಳಗಲ ಮರ ಹೆಚ್ಚಾಗಿ ಬಿಟ್ಟಿದ್ದೇನೆ. ಯಾರಿಗೂ ಗೊತ್ತಾಗದು. ಮುಂದೆ ಆ ಕೋಣೆಯೊಳಗೆ ಹೋಗುವವರಲ್ಲಿ ನಿನ್ನಂಥ ಪೆದ್ದ ಒಬ್ಬನಾದರೂ ಇದ್ದೇ ಇರುತ್ತಾನೆ. ಎಷ್ಟು ವರ್ಷ ಒರೆಸುತ್ತಾನೋ ಒರೆಸಲಿ.

ನಿನ್ನ
ಮಹಾಪ್ರಸಾದ


ದೇವಳಪದರ
13 ಜುಲೈ 1991

ಉಚ್ಛಬ ಭಾವನವರಿಗೆ ಕುಂತಳಾ ಮಾಡುವ ನಮಸ್ಕಾರ.

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಇವರು ತಾವೇ ಬರೆಯುತ್ತೇನೆಂದು ಎರಡು ದಿನದಿಂದ ಪೆನ್ನು ಹಿಡಿದು ಕೂರುತ್ತಾರೆ, ಆಗುತ್ತಿಲ್ಲ. ನನಗೆ ಕೊಟ್ಟು, ನೀನೇ ಬರೆ ಎಂದರು. ಅಕ್ಷರ ನೋಡಿ ನಗಬೇಡಿ.

ನಿನ್ನೆ ಹೊಸ ಮೈಗೆ ಕಣ್ಣು ಬರೆದು ದರ್ಶನ ಕೊಟ್ಟರು. ಹುಟ್ಟಿದಾಗಿನಿಂದ ಒಳಗಿದ್ದವರು, ನಿನ್ನೆ ಊರವರ ಜೊತೆ ಹಗ್ಗದ ಈಚೆ ನಿಂತು ನೋಡಿದರು. ನನ್ನ ಕಿವಿಯಲ್ಲಿ “ಈ ಸಲ ಹೊಟ್ಟೆ ಸ್ವಲ್ಪ ಜಾಸ್ತಿ ಮಾಡಿದ್ದಾನೆ ನೋಡು, ತನ್ನ ಹಾಗೇ” ಎಂದರು. ನಿಮಗೆ ಇದನ್ನು ಬರೆಯಲೇಬೇಕೆಂದು ಹೇಳಿದ್ದಾರೆ.

ನೀವು ಹೋದ ಮೇಲೆ ನಡೆದದ್ದು ಹೇಳುತ್ತೇನೆ. ಹುಣ್ಣಿಮೆ ಕಳೆದು ನಾಲ್ಕನೇ ದಿನ, ಬೆಳಕು ಹರಿಯುವ ಮೊದಲು, ಹಳೆಯ ಮೈಯನ್ನು ಗುಡಿಯ ಹಿಂದಿನ ತೋಟದಲ್ಲಿ ಮಣ್ಣು ಮಾಡಿದರು. ಗುಂಡಿಗೆ ಇಳಿಸುವಾಗ ತಲೆಯ ಕಡೆ ಇವರು ಹಿಡಿದರಂತೆ. ಯಾರೂ ಬೇಡ ಎನ್ನಲಿಲ್ಲವಂತೆ, ಗದಾಧರನೂ ಕೂಡ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವತ್ತಿನಿಂದ ಸೂತಕ. ನೆಲದ ಮೇಲೆ ಮಲಗುವುದು, ಒಂದು ಹೊತ್ತು ಊಟ. ನಮ್ಮ ಸೇವೆಯವರ ಮನೆಗಳಲ್ಲೆಲ್ಲ ಗಂಡಸರು ಅಪ್ಪ ಸತ್ತ ಹಾಗೆ ಗಟ್ಟಿಯಾಗಿ ಅಳುತ್ತಿದ್ದರು, ಪದ್ಧತಿ ಅಲ್ಲವೆ. ಇವರು ಎರಡು ದಿನ ಅಳಲಿಲ್ಲ. ನನಗೆ ಭಯವಾಯಿತು. ಮೂರನೇ ದಿನ ಮಧ್ಯಾಹ್ನ ನೀರು ಕೇಳಿದರು, ಲೋಟ ಕೊಟ್ಟೆ, ಲೋಟ ಹಿಡಿದುಕೊಂಡೇ ಶುರುವಾಯಿತು. ಹತ್ತನೇ ದಿನದವರೆಗೆ ನಿಲ್ಲಲಿಲ್ಲ ಭಾವ. ಯಾರು ಬಂದರೂ ಸಮಾಧಾನ ಮಾಡಲಿಲ್ಲ. ಸೂತಕದ ಮನೆಯಲ್ಲಿ ಅಳುವವರನ್ನು ಯಾರು ತಡೆಯುತ್ತಾರೆ?

ಹತ್ತನೇ ದಿನ ಎಲ್ಲರೂ ಹೊಳೆಗೆ ಹೋದರು. ನಾವು ಹೆಂಗಸರು ಮೇಲಿನ ಮೆಟ್ಟಿಲ ಮೇಲಿದ್ದೆವು. ತಲೆ ಬೋಳಿಸಿಕೊಂಡು ಗಂಡಸರು ಸಾಲಾಗಿ ನೀರಿನಲ್ಲಿ ನಿಂತರು. ಭಟ್ಟರು ಒಬ್ಬೊಬ್ಬರ ಮುಂದೆ ಬಂದು, ಯಾರ ಹೆಸರಿಗೆ ಎಂದು ಕೇಳುವುದು, ಅವರು ಜಗನ್ನಾಥ ಎಂದು ಹೇಳಿ ಬೊಗಸೆ ನೀರು ಬಿಡುವುದು. ಇವರ ಮುಂದೆ ಬಂದು ಕೇಳಿದರು.

ಇವರು “ಬುಲು” ಎಂದರು.

ಭಟ್ಟರು “ಏನಂದೆ?” ಎಂದರು.

“ಬುಲು” ಎಂದರು ಇನ್ನೊಂದು ಸಲ, ಗಟ್ಟಿಯಾಗಿ. ಆ ಹೆಸರನ್ನು ಇವರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ ನಿಮಗೇ ಗೊತ್ತು. ಭಟ್ಟರು ಏನು ಮಾಡುವುದೆಂದು ತಿಳಿಯದೆ ಅಜ್ಜನ ಕಡೆ ನೋಡಿದರು. ಅಜ್ಜನೂ ತಲೆ ಬೋಳಿಸಿಕೊಂಡು ಸೊಂಟದ ಮಟ್ಟ ನೀರಿನಲ್ಲಿ ನಡುಗುತ್ತ ನಿಂತಿದ್ದರು. “ಕೇಳಿಸ್ತಲ್ಲ, ಹೇಳಿಸಿ” ಎಂದರು. ಭಟ್ಟರು ಮಂತ್ರ ಹೇಳಿಸಿದರು. ಇವರು ನೀರು ಬಿಟ್ಟರು.

ಮನೆಗೆ ಬಂದು ಇವರು ನನ್ನ ಬಲಗೈ ಹಿಡಿದುಕೊಂಡು, “ಅವತ್ತು ತಡೀಬಾರದಿತ್ತು ಕುಂತಳಾ” ಎಂದರು. ನೀರಲ್ಲಿ ನೆನೆಸಿದ ಅನ್ನದ ಪಖಾಳ ಬಡಿಸಿದೆ, ಎದುರಿಗೆ ಕೂತು ನಾನೂ ಉಂಡೆ.

ನಮ್ಮ ಮನೆಗೆ ಸೂತಕ ಬರಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು ಭಾವ. ಮೊನ್ನೆ ಕಳೆಯಿತು.

ಕುಂತಳಾ